ಪಹಣಿ ಇಲ್ಲದವರ ಜಾಮೀನು

ಜಾಮೀನು ಸಿಕ್ಕಿದ ಮೇಲೂ ಜೈಲಿನಲ್ಲೇ ಉಳಿಯುವವರಿದ್ದಾರೆ. ಕಾರಣ ತಿಳಿಯಲು ಆದೇಶದ ಕೊನೆಯ ಎರಡು ಸಾಲು ಓದಿದರೆ ಸಾಕು. ಇಂತಿಷ್ಟು ಸಾವಿರಕ್ಕೆ ಸ್ವಂತ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ ಎಂದು ಅಲ್ಲಿ ಬರೆದಿರುತ್ತದೆ. ಜಾಮೀನುದಾರ ಎಂದರೆ ಕೋರ್ಟಿನ ವರಾಂಡದಲ್ಲಿ ಎಲ್ಲರಿಗೂ ಒಂದೇ ಅರ್ಥ, ಪಹಣಿ ಇರುವವರು. ಕೊಡಗಿನ ತಿತಿಮತಿ, ಬಾಳೆಲೆ, ಕುಟ್ಟದ ಕಡೆ ತೋಟದ ಕೂಲಿಯವರ ಸಾಲುಮನೆಯಾದ ಲೈನ್‌ಮನೆಯಲ್ಲಿ ಹುಟ್ಟಿ ಲೈನ್‌ಮನೆಯಲ್ಲೇ ಮುದುಕರಾದ ಎರವ ಆದಿವಾಸಿಗಳ ನೆಂಟರಿಷ್ಟರಲ್ಲಿ ತಮ್ಮ ಹೆಸರಿಗೆ ಒಂದು ಸೆಂಟ್ ಜಾಗ ಇರುವವರನ್ನು ಎಲ್ಲಿಂದ ತರುವುದು?

ಆ ಆದೇಶದಲ್ಲಿ ಜಾತಿಯ ಮಾತೇ ಇಲ್ಲ. ತೋಟದ ಮಾಲೀಕನ ಮಗನಿಗೂ ಜೇನುಕುರುಬರ ಹುಡುಗನಿಗೂ ಒಂದೇ ನಮೂನೆಯಲ್ಲಿ ಟೈಪ್ ಆಗುವ ಸಾಲು ಅದು. ಒಬ್ಬನಿಗೆ ಮಧ್ಯಾಹ್ನದ ಊಟದೊಳಗೆ ಮುಗಿಯುವ ಕೆಲಸ, ಇನ್ನೊಬ್ಬನಿಗೆ ಮತ್ತೆ ಕೆಲವು ತಿಂಗಳ ಜೈಲು.

ಅಮೆರಿಕದ ಕಪ್ಪುವರ್ಣೀಯ ಆರೋಪಿಗಳ ಕಥೆಯನ್ನು ಕೊಡಗಿನಲ್ಲಿ ಕೂತು ಓದಬೇಕಾದ ಕಾರಣ ಇದೇ. ಅಲ್ಲಿನ ಜನಸಂಖ್ಯೆಯಲ್ಲಿ ಕಪ್ಪುವರ್ಣೀಯರು ನೂರಕ್ಕೆ 13-14 ಮಂದಿ. ಜೈಲುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು. ತಪ್ಪಾಗಿ ಶಿಕ್ಷೆ ಅನುಭವಿಸಿ ಆಮೇಲೆ ನಿರಪರಾಧಿಗಳೆಂದು ಬಿಡುಗಡೆಯಾದವರ ದಾಖಲೆ ಇಡುವ ಅಲ್ಲಿನ ರಾಷ್ಟ್ರೀಯ ನೋಂದಣಿಯ 2022ರ ವರದಿಯಲ್ಲಿ ಅಂಥವರ ಪೈಕಿ ನೂರಕ್ಕೆ 53 ಮಂದಿ ಕಪ್ಪುವರ್ಣೀಯರು. ಇಷ್ಟು ದೊಡ್ಡ ಅಂತರವನ್ನು ನಾಲ್ಕಾರು ದ್ವೇಷಿ ಪೊಲೀಸರ, ನಾಲ್ಕಾರು ಕೆಟ್ಟ ನ್ಯಾಯಾಧೀಶರ ಲೆಕ್ಕಕ್ಕೆ ಬರೆದುಬಿಟ್ಟರೆ ವಿಷಯ ಕೈತಪ್ಪುತ್ತದೆ. ಅಲ್ಲಿನ ಕಾನೂನು ಇವತ್ತು ಯಾರ ಬಣ್ಣವನ್ನೂ ಕೇಳುವುದಿಲ್ಲ. ಹಣ ಎಷ್ಟಿದೆ, ವಿಳಾಸ ಎಲ್ಲಿ, ಹಿಂದೆ ಎಷ್ಟು ಸಲ ಬಂಧನವಾಗಿತ್ತು, ಕೈಯಲ್ಲಿದ್ದ ಮಾದಕ ಪುಡಿ ಯಾವ ಬಗೆಯದು ಎಂದು ಕೇಳುತ್ತದೆ. ಉತ್ತರಗಳಲ್ಲಿ ಬಣ್ಣ ತಾನಾಗಿ ಬಂದು ಕೂರುತ್ತದೆ.

ಹಳೆಯ ಕಾಲದಲ್ಲಿ ಇಷ್ಟೂ ಮುಚ್ಚುಮರೆ ಇರಲಿಲ್ಲ. 1865ರಲ್ಲಿ ಅಮೆರಿಕ ಗುಲಾಮಗಿರಿಯನ್ನು ತೆಗೆದುಹಾಕಿದ ಸಂವಿಧಾನ ತಿದ್ದುಪಡಿಯಲ್ಲೇ, ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿಕೊಳ್ಳುವುದಕ್ಕೆ ವಿನಾಯಿತಿ ಉಳಿಯಿತು. ಅದೇ ವರ್ಷ ಮಿಸಿಸಿಪಿ ರಾಜ್ಯ ಅಲೆಮಾರಿತನದ ಕಾಯ್ದೆ ತಂದಿತು. ಎಲ್ಲಿ ಕೆಲಸ ಮಾಡುತ್ತೇನೆ ಎಂಬುದಕ್ಕೆ ಕಾಗದ ತೋರಿಸಲಾಗದ ಕಪ್ಪುವರ್ಣೀಯ ಅಲೆಮಾರಿ ಎನಿಸಿಕೊಂಡು ದಂಡ ಕಟ್ಟಬೇಕು. ಐದು ದಿನದಲ್ಲಿ ಕಟ್ಟದಿದ್ದರೆ ಆ ದಂಡ ತುಂಬಿದ ಜಮೀನುದಾರನಲ್ಲಿ ದುಡಿದು ತೀರಿಸಬೇಕು. ಗುಲಾಮನನ್ನು ಬಿಟ್ಟ ಜಮೀನಿಗೇ ಅವನನ್ನು ಕೈದಿಯಾಗಿ ತಂದು ಕಟ್ಟಿಹಾಕುವ ದಾರಿ ಇದು.

ಕೊಡಗಿನಲ್ಲಿ ಈ ಕಥೆ ಅಪರಿಚಿತ ಅನ್ನಿಸಬಾರದು. ಎರವರು ಜಮೀನಿನ ಜೊತೆಗೇ ಕೈಬದಲಾಗುತ್ತಿದ್ದ ಕಾಲ ಇಲ್ಲೂ ಇತ್ತು. ಜೀತಪದ್ಧತಿ ರದ್ದತಿ ಕಾಯ್ದೆ 1976ರಲ್ಲಿ ಬಂತು. ಆದರೆ ಇವತ್ತಿಗೂ ಲೈನ್‌ಮನೆಯ ಆಳಿಗೆ ಜಾಮೀನು ಬೇಕಾದಾಗ ಪಹಣಿ ತರುವವರು ಸಾಮಾನ್ಯವಾಗಿ ತೋಟದ ಮಾಲೀಕರೇ. ವಕೀಲರ ಫೀಸು, ಕಾರಿನ ಬಾಡಿಗೆ, ಛಾಪಾ ಕಾಗದದ ಖರ್ಚು ಎಲ್ಲವೂ ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಮುಂಗಡದ ಲೆಕ್ಕಕ್ಕೆ ಹೋಗುತ್ತದೆ. ಮುಂಗಡ ತೀರುವ ತನಕ ಬೇರೆ ತೋಟಕ್ಕೆ ಹೋಗುವಂತಿಲ್ಲ ಎಂಬ ಮಾತು ಬಂದರೆ ಅದು 1976ರ ಕಾಯ್ದೆ ನಿಷೇಧಿಸಿದ ಜೀತವೇ. ಪ್ರೀತಿಯಿಂದ ಜಾಮೀನು ನಿಲ್ಲುವ ಮಾಲೀಕರು ಬೇಕಾದಷ್ಟಿದ್ದಾರೆ, ಅವರ ಬಗ್ಗೆ ಇಲ್ಲಿ ಹೇಳುತ್ತಿಲ್ಲ. ಒಬ್ಬ ಮನುಷ್ಯನ ಬಿಡುಗಡೆ ಇನ್ನೊಬ್ಬನ ಒಳ್ಳೆಯತನದ ಮೇಲೆ ನಿಲ್ಲಬಾರದು ಎಂಬುದು ಮಾತ್ರ ನನ್ನ ವಾದ. ದೂರು ಕೊಟ್ಟವರೇ ಆ ಮಾಲೀಕರಾಗಿದ್ದರೆ ಆ ಒಳ್ಳೆಯತನದ ಆಸರೆಯೂ ಇಲ್ಲ.

ಯಾರನ್ನು ತಡೆದು ನಿಲ್ಲಿಸುತ್ತಾರೆ ಎಂಬಲ್ಲಿಂದ ತೊಡಗೋಣ. ನ್ಯೂಯಾರ್ಕ್ ಪೊಲೀಸರು 2011 ಒಂದೇ ವರ್ಷದಲ್ಲಿ ಬೀದಿಯಲ್ಲಿ ಜನರನ್ನು 6,85,724 ಬಾರಿ ತಡೆದು ವಿಚಾರಿಸಿದರು. ಅರ್ಧಕ್ಕಿಂತ ಹೆಚ್ಚು ಸಲ ತಡೆಯಲ್ಪಟ್ಟವರು ಕಪ್ಪುವರ್ಣೀಯರು, ನಗರದಲ್ಲಿ ಅವರ ಪಾಲು ಕಾಲುಭಾಗದಷ್ಟು. ಸುಮಾರು 88 ಶೇಕಡ ಪ್ರಕರಣಗಳಲ್ಲಿ ಬಂಧನವೂ ಇಲ್ಲ, ಸಮನ್ಸೂ ಇಲ್ಲ. 2013ರಲ್ಲಿ ಫೆಡರಲ್ ನ್ಯಾಯಾಧೀಶೆ ಶೀರಾ ಶೆಂಡ್ಲಿನ್ ಈ ಪದ್ಧತಿ ಸಂವಿಧಾನ ವಿರೋಧಿ ಎಂದು ತೀರ್ಪಿತ್ತರು. ಆ ತೀರ್ಪು ಸಾಧ್ಯವಾದದ್ದು ಪ್ರತಿ ಬಾರಿ ತಡೆದಾಗಲೂ ಪೊಲೀಸರು ಒಂದು ಫಾರಂ ತುಂಬಬೇಕಿದ್ದುದರಿಂದ, ಅದರಲ್ಲಿ ತಡೆದವರ ವರ್ಣದ ಕಾಲಂ ಇದ್ದುದರಿಂದ. ನಮ್ಮಲ್ಲಿ ಕಾಫಿ ಕೊಯ್ಲಿನ ಕಾಲದಲ್ಲಿ ಸಂತೆಯ ದಿನ ರಸ್ತೆಯಲ್ಲಿ ನಿಲ್ಲಿಸಿ ಚೀಲ ಬಿಚ್ಚಿಸುವುದಕ್ಕೆ ಯಾವ ಫಾರಮೂ ಇಲ್ಲ. ಅಸ್ಸಾಂ, ಬಂಗಾಳದ ಕಾರ್ಮಿಕರ ಮಾತಿನ ಧಾಟಿ ಕೇಳಿಯೇ ‘ಬಾಂಗ್ಲಾದವರು’ ಎಂದು ಹಣೆಪಟ್ಟಿ ಕಟ್ಟಿ ಠಾಣೆಗೆ ಕರೆದೊಯ್ದರೆ ಅದರ ಲೆಕ್ಕವೂ ಎಲ್ಲೂ ಉಳಿಯುವುದಿಲ್ಲ.

ಇನ್ನು ತೂಕದ ವಿಷಯ. 1986ರ ಅಮೆರಿಕದ ಮಾದಕವಸ್ತು ಕಾಯ್ದೆಯ ಪ್ರಕಾರ 500 ಗ್ರಾಂ ಕೊಕೇನ್ ಪುಡಿ ಇಟ್ಟುಕೊಂಡು ಮಾರುವವನಿಗೆ ಕನಿಷ್ಠ ಐದು ವರ್ಷ ಜೈಲು. ಅದೇ ಪುಡಿಯನ್ನು ಅಡಿಗೆ ಸೋಡಾ ಹಾಕಿ ಕಾಯಿಸಿ ಹರಳು ಮಾಡಿದ ಕ್ರ್ಯಾಕ್ ಆದರೆ 5 ಗ್ರಾಂ ಸಾಕು, ಹೆಚ್ಚುಕಡಿಮೆ ಒಂದು ಟೀ ಚಮಚೆಯಷ್ಟು. ನೂರಕ್ಕೆ ಒಂದರ ಅನುಪಾತ. ಕಾಯ್ದೆಯಲ್ಲಿ ವರ್ಣದ ಹೆಸರಿಲ್ಲ, ಆದರೆ ಕ್ರ್ಯಾಕ್ ಪ್ರಕರಣಗಳಲ್ಲಿ ಫೆಡರಲ್ ಶಿಕ್ಷೆಗೆ ಒಳಗಾದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಕಪ್ಪುವರ್ಣೀಯರಾಗಿದ್ದರು. 2010ರಲ್ಲಿ ಅನುಪಾತವನ್ನು 18ಕ್ಕೆ ಇಳಿಸಿ 28 ಗ್ರಾಂ ಎಂದು ಮಾಡಿದರು. ಹಿಂದೆಯೇ ಶಿಕ್ಷೆಯಾಗಿದ್ದವರಿಗೆ ಆ ಇಳಿಕೆಯ ಪ್ರಯೋಜನ ಸಿಗಲು 2018ರ ಕಾಯ್ದೆಯವರೆಗೆ ಕಾಯಬೇಕಾಯಿತು.

ಕೊಡಗಿನ ತೂಕ ಕಾಫಿಯದು. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಅದು ಮೊದಲನೆಯ ಅಪರಾಧವಾಗಿದ್ದು, ಮಾಲನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಶಿಕ್ಷೆ ಜೈಲಲ್ಲ, ಸಮುದಾಯ ಸೇವೆ. ಅಂಥ ಪ್ರಕರಣದಲ್ಲಿ ವಾರಂಟ್ ಇಲ್ಲದೆ ಹಿಡಿಯುವಂತೆಯೂ ಇಲ್ಲ. ಐದು ಸಾವಿರ ದಾಟಿದರೆ ಮೂರು ವರ್ಷದವರೆಗೆ ಜೈಲು. ಆರೋಪಿ ಅದೇ ತೋಟದ ಕೆಲಸದವನಾಗಿದ್ದರೆ 306ನೇ ಕಲಂ ಹಾಕುತ್ತಾರೆ, ಆಳು ಮಾಡಿದ ಕಳ್ಳತನ, ಏಳು ವರ್ಷದವರೆಗೆ. 2025ರ ಆರಂಭದಲ್ಲಿ ರೊಬಸ್ಟಾ ಚೆರ್ರಿ, ಅಂದರೆ ಹಣ್ಣಿನ ಸಮೇತ ಒಣಗಿಸಿದ ರೊಬಸ್ಟಾ ತಳಿಯ ಕಾಫಿ, 50 ಕೆಜಿ ಚೀಲಕ್ಕೆ ಹತ್ತು ಸಾವಿರ ದಾಟಿತ್ತು. ಅಂದರೆ 25 ಕೆಜಿ ಒಣ ಚೆರ್ರಿಯಲ್ಲಿ ಗೆರೆ ದಾಟಿಹೋಗುತ್ತದೆ. ಗಿಡದಿಂದ ಆಗತಾನೆ ಕೊಯ್ದ ಹಸಿ ಹಣ್ಣಾದರೆ ಲೆಕ್ಕವೇ ಬೇರೆ, ಒಣಗಿದಾಗ ತೂಕ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಹಾಗಾದರೆ ಮಹಜರಿನಲ್ಲಿ ಏನು ಬರೆದಿದ್ದಾರೆ? ‘ಒಂದು ಚೀಲ ಕಾಫಿ, ಅಂದಾಜು ಬೆಲೆ ಇಷ್ಟು’ ಎಂದು ಬರೆದಿದ್ದರೆ ಹಸಿಯೋ ಒಣದ್ದೋ, ತೂಕ ಹಾಕಿದವರು ಯಾರು, ಯಾವ ದಿನದ ಧಾರಣೆ ಎಂದು ಮೊದಲ ದಿನವೇ ಕೇಳಬೇಕು. ದೂರುದಾರರ ಬಾಯಿಮಾತಿನ ಬೆಲೆ ಹಾಗೇ ದಾಖಲಾದರೆ ಸಮುದಾಯ ಸೇವೆಯಲ್ಲಿ ಮುಗಿಯಬೇಕಿದ್ದದ್ದು ಜೈಲಿನ ದಾರಿ ಹಿಡಿಯುತ್ತದೆ.

ಮಹಜರಿಗೆ ಸಾಕ್ಷಿ ಹಾಕುವ ಪಂಚರ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ ಹನ್ನೆರಡು ಜನರ ಜ್ಯೂರಿಗೆ ಆಯ್ಕೆ ನಡೆಯುವಾಗ ಕಾರಣ ಹೇಳದೆ ಕೆಲವರನ್ನು ಕೈಬಿಡುವ ಅಧಿಕಾರ ಎರಡೂ ಪಕ್ಷಕ್ಕಿದೆ. ವರ್ಣ ನೋಡಿ ಕೈಬಿಡಬಾರದು ಎಂದು 1986ರ ಬ್ಯಾಟ್ಸನ್ ತೀರ್ಪು ಹೇಳಿತು. ಹೇಳಿದ ಮೇಲೂ ಮಿಸಿಸಿಪಿಯ ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪುವರ್ಣೀಯನನ್ನು ಒಬ್ಬನೇ ಪ್ರಾಸಿಕ್ಯೂಟರ್ ಒಂದೇ ಪ್ರಕರಣದಲ್ಲಿ ಆರು ಬಾರಿ ವಿಚಾರಣೆಗೆ ಒಳಪಡಿಸಿದ. ಆ ಆರು ವಿಚಾರಣೆಗಳಲ್ಲಿ ಕೈಬಿಡಬಹುದಾಗಿದ್ದ 42 ಕಪ್ಪುವರ್ಣೀಯರ ಪೈಕಿ 41 ಮಂದಿಯನ್ನು ಕೈಬಿಟ್ಟ. ಸುಪ್ರೀಂ ಕೋರ್ಟ್ 2019ರಲ್ಲಿ ಶಿಕ್ಷೆ ರದ್ದುಮಾಡಿತು. ನಮ್ಮಲ್ಲಿ ಜ್ಯೂರಿ ಇಲ್ಲ, ಪಂಚರಿದ್ದಾರೆ. ಶೋಧಕ್ಕೆ ಸ್ಥಳೀಯ ‘ಸ್ವತಂತ್ರ, ಗೌರವಾನ್ವಿತ’ ನಿವಾಸಿಗಳು ಇರಬೇಕು ಎನ್ನುತ್ತದೆ ಕ್ರಿಮಿನಲ್ ಪ್ರಕರಣಗಳ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 103ನೇ ಕಲಂ. ತೋಟದ ಕಳ್ಳತನದಲ್ಲಿ ಅದೇ ತೋಟದ ರೈಟರ್ ಮತ್ತು ಜೀಪ್ ಡ್ರೈವರ್ ಪಂಚರಾದರೆ ಅವರು ಸ್ವತಂತ್ರರಲ್ಲ. ಆದಿವಾಸಿಗಳ ಊರಾದ ಹಾಡಿಯ ಹಿರಿಯರನ್ನು ಯಾರೂ ಪಂಚರಾಗಿ ಕರೆಯುವುದಿಲ್ಲ ಎಂದರೆ ಗೌರವಾನ್ವಿತ ಎಂಬ ಪದವನ್ನು ಯಾರಿಗೆ ಮೀಸಲಿಟ್ಟಿದ್ದೇವೆ ಎಂದು ಕೇಳಬೇಕಾಗುತ್ತದೆ. 105ನೇ ಕಲಂ ಪ್ರಕಾರ ಶೋಧ ಮತ್ತು ವಶಪಡಿಸಿಕೊಳ್ಳುವುದನ್ನು ವಿಡಿಯೊ ಮಾಡಲೇಬೇಕು. ಆ ವಿಡಿಯೊ ಇದೆಯೇ ಎಂದು ಜಾಮೀನು ಅರ್ಜಿಯ ಹಂತದಲ್ಲೇ ಎತ್ತಿದರೆ ವಾದಕ್ಕೆ ಬಲ ಬರುತ್ತದೆ.

ಬಂಧನದ ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮಾಡಬಹುದಾದದ್ದು ಬಹಳಷ್ಟಿದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು, ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಂ ನೋಟಿಸ್ ಕೊಟ್ಟು ಕರೆಸಬಹುದು. 2014ರ ಅರ್ನೇಶ್ ಕುಮಾರ್ ತೀರ್ಪು ಹೇಳುವುದು ಇದನ್ನೇ, 306ನೇ ಕಲಮೂ ಅದರೊಳಗೆ ಬರುತ್ತದೆ. ಹಾಗಾಗಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ವಕೀಲರ ಮೊದಲ ಪ್ರಶ್ನೆ, ನೋಟಿಸ್ ಏಕೆ ಕೊಡಲಿಲ್ಲ, ಬಂಧನ ಅಗತ್ಯ ಎಂಬುದಕ್ಕೆ ಬರೆದ ಕಾರಣ ಎಲ್ಲಿ ಎಂಬುದಾಗಿರಬೇಕು. ಬಂಧನದ ಕಾರಣವನ್ನು ಆರೋಪಿಗೆ, ಸುದ್ದಿಯನ್ನು ಅವನ ಮನೆಯವರಿಗೆ ತಿಳಿಸಬೇಕು. ಬಂಧನದ ಕಾರಣ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಸಿಗಬೇಕೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಇನ್ನಷ್ಟು ಬಿಗಿಯಾಗಿ ಹೇಳಿದೆ. ಎರವ ಭಾಷೆಯವನಿಗೆ, ಅಸ್ಸಾಮಿನವನಿಗೆ ಕನ್ನಡದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರೆ ಅದನ್ನೂ ರಿಮಾಂಡ್ (ಕಸ್ಟಡಿಗೆ ಕಳಿಸುವ ಆದೇಶ) ವೇಳೆ ದಾಖಲಿಸಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಮಹಿಳೆಯರಿಗೆ, ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರನ್ನು ಪಡೆಯಲು ಆದಾಯದ ಮಿತಿ ಇಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಂ ಕೊಟ್ಟ ಹಕ್ಕದು. ಫೋನ್ 15100.

ಅರಣ್ಯದ ಪ್ರಕರಣವಾದರೆ ಇನ್ನೊಂದು ಎಚ್ಚರಿಕೆ ಬೇಕು. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೆ ವನ್ಯಜೀವಿ ಕಾಯ್ದೆಯ 50(8), 50(9)ನೇ ಕಲಂಗಳ ಪ್ರಕಾರ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಅದಕ್ಕಿಂತ ಮೇಲಿನ ಅಧಿಕಾರಿ, ಆರೋಪಿಯ ಸಮ್ಮುಖದಲ್ಲಿ ದಾಖಲಿಸಿದ ಸಾಕ್ಷ್ಯ ವಿಚಾರಣೆಯಲ್ಲಿ ಸ್ವೀಕಾರಾರ್ಹ. ಹಂದಿಗೆ ಉರುಳು ಹಾಕಿದರೆಂದು ಹಿಡಿದು ತಂದ ಹುಡುಗರಿಗೆ ಈ ವ್ಯತ್ಯಾಸ ಯಾರೂ ಹೇಳಿರುವುದಿಲ್ಲ. ಏನಿದೆಯೆಂದು ಓದಿ ಹೇಳದ ಹೊರತು ಯಾವ ಹಾಳೆಗೂ ಹೆಬ್ಬೆಟ್ಟು ಬೇಡ ಎಂಬಷ್ಟನ್ನಾದರೂ ಹಾಡಿಯ ಪ್ರತಿ ಮನೆಗೆ ಮುಟ್ಟಿಸಬೇಕು.

ಈಗ ಜಾಮೀನು. ಅಮೆರಿಕದಲ್ಲಿ ಅದು ನೇರವಾಗಿ ರೊಕ್ಕದ ವ್ಯವಹಾರ. ಜಡ್ಜ್ ಮೊತ್ತ ಹೇಳುತ್ತಾರೆ, ಪೂರ್ತಿ ಕಟ್ಟಲಾಗದವರು ಜಾಮೀನು ಏಜೆಂಟನಿಗೆ ಸಾಮಾನ್ಯವಾಗಿ ಶೇಕಡ ಹತ್ತು ಕೊಡುತ್ತಾರೆ, ಆ ಹತ್ತು ವಾಪಸು ಬರುವುದಿಲ್ಲ. ನ್ಯೂಯಾರ್ಕಿನ ಕಲೀಫ್ ಬ್ರೌಡರ್ 2010ರಲ್ಲಿ ಬಂಧನವಾದಾಗ ಹದಿನಾರರ ಹುಡುಗ, ಆರೋಪ ಬೆನ್ನುಚೀಲ ಕದ್ದದ್ದು. ಜಾಮೀನು ಮೊತ್ತ 3,000 ಡಾಲರ್ ಹೊಂದಿಸಲು ಮನೆಯವರಿಂದ ಆಗಲಿಲ್ಲ. ವಿಚಾರಣೆಯೇ ನಡೆಯದೆ ರೈಕರ್ಸ್ ಐಲೆಂಡ್ ಜೈಲಿನಲ್ಲಿ ಸುಮಾರು ಮೂರು ವರ್ಷ, ಅದರಲ್ಲಿ ಹೆಚ್ಚಿನ ಭಾಗ ಒಂಟಿ ಕೋಣೆಯಲ್ಲಿ. 2013ರಲ್ಲಿ ಪ್ರಕರಣ ಕೈಬಿಟ್ಟರು. ಎರಡು ವರ್ಷದ ನಂತರ ಅವನು ಪ್ರಾಣ ಕಳೆದುಕೊಂಡ. ಇಲಿನಾಯ್ ರಾಜ್ಯ 2023ರ ಸೆಪ್ಟೆಂಬರಿನಲ್ಲಿ ಹಣದ ಜಾಮೀನನ್ನೇ ಪೂರ್ತಿ ರದ್ದುಮಾಡಿತು, ಅಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು.

ನಮ್ಮ ಸುಪ್ರೀಂ ಕೋರ್ಟ್ ಇದನ್ನೆಲ್ಲ ಬಹಳ ಮೊದಲೇ ಕಂಡಿತ್ತು. 1978ರ ಮೋತಿರಾಂ ಪ್ರಕರಣದಲ್ಲಿ ಗಾರೆ ಕೆಲಸದವನೊಬ್ಬನಿಗೆ ಹತ್ತು ಸಾವಿರದ ಜಾಮೀನು ಕೇಳಿ, ಜಾಮೀನುದಾರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟರು ತಿರಸ್ಕರಿಸಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಒಪ್ಪಲಿಲ್ಲ. ಹೆಗ್ಗಡದೇವನಕೋಟೆಯಲ್ಲೋ ವಯನಾಡಿನಲ್ಲೋ ನೆಂಟರಿರುವ ಕೊಡಗಿನ ಆದಿವಾಸಿಗಳಿಗೆ ಈ ತೀರ್ಪು ಅಳತೆ ಕೊಟ್ಟು ಹೊಲಿಸಿದಂತಿದೆ. ಮರುವರ್ಷ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಭಗವತಿ ಅಮೆರಿಕದ ಜಾಮೀನು ಸುಧಾರಣೆಯ ಅನುಭವವನ್ನೇ ಎದುರಿಗಿಟ್ಟುಕೊಂಡು, ಊರಿನಲ್ಲಿ ಬೇರು ಇರುವವನನ್ನು ಆಸ್ತಿ ಕೇಳದೆ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದು ಎಂದರು. ನಾಲ್ಕೂವರೆ ದಶಕ ಕಳೆದರೂ ಆ ಮಾತು ವರಾಂಡ ದಾಟಿ ಒಳಗೆ ಬಂದಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು.

ಜಾಮೀನುದಾರರ ಕಾಗದಗಳು ಎಲ್ಲಿ ಎಡವುತ್ತವೆ ನೋಡಿ. ಚಾಲ್ತಿ ಸಾಲಿನ ಪಹಣಿ, ಕಂದಾಯ ರಸೀದಿ, ಆಧಾರ್, ಫೋಟೊ, ಈಗಾಗಲೇ ಎಷ್ಟು ಜನರಿಗೆ ಜಾಮೀನು ನಿಂತಿದ್ದೇನೆ ಎಂಬ ಪ್ರಮಾಣಪತ್ರ, ಕೆಲವೆಡೆ ತಹಶೀಲ್ದಾರರಿಂದ ಆಸ್ತಿ ಮೌಲ್ಯದ ದಾಖಲೆ ಕೇಳುತ್ತಾರೆ. ಆಧಾರ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು ಅಕ್ಷರ ಇದ್ದರೆ ವಾಪಸು. 11ನೇ ಕಾಲಮಿನಲ್ಲಿ ಬ್ಯಾಂಕಿನ ಸಾಲ ಕೂತಿದ್ದರೆ ತಕರಾರು. ಕೊಡಗಿನಲ್ಲಿ ಇದರ ಮೇಲೆ ಒಕ್ಕಕ್ಕೆ, ಅಂದರೆ ಕೊಡವ ಮನೆತನಕ್ಕೆ ಒಟ್ಟಾಗಿ ಸೇರಿದ ಜಮ್ಮಾ ಹಿಡುವಳಿಯ ತೊಡಕು. ಒಕ್ಕದ ಹಿರಿಯರಾದ ಪಟ್ಟೆದಾರರ ಮತ್ತು ಒಕ್ಕದ ಇತರರ ಹೆಸರು ಒಟ್ಟಿಗಿರುವ ಪಹಣಿಯನ್ನು ಒಬ್ಬರೇ ತಂದರೆ ಅವರ ಪಾಲು ಯಾವುದು ಎಂಬ ಪ್ರಶ್ನೆ ಬರುತ್ತದೆ. ಆದ್ದರಿಂದ ಸಹಾಯ ಮಾಡಲು ಮನಸ್ಸಿದ್ದ ಕೊಡವ ನೆರೆಯವರೂ ಬರಿಗೈಯಲ್ಲಿ ಹಿಂದಿರುಗಬೇಕಾಗಬಹುದು. ಇನ್ನು ಹಾಡಿಯಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಪಡೆದವರ ಗತಿ. 2006ರ ಆ ಕಾಯ್ದೆಯ 4(4)ನೇ ಕಲಂ ಪ್ರಕಾರ ಆ ಜಮೀನು ಮಕ್ಕಳಿಗೆ ಹೋಗಬಹುದು, ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ. ಆದಿವಾಸಿಯ ಕೈಯಿಂದ ಭೂಮಿ ಜಾರದಿರಲಿ ಎಂದು ಮಾಡಿದ ರಕ್ಷಣೆಯೇ ಜಾಮೀನಿನ ಮೇಜಿನ ಮುಂದೆ ಬೆಲೆಯಿಲ್ಲದ ಕಾಗದವಾಗುತ್ತದೆ. ನನಗೆ ಇದಕ್ಕಿಂತ ನೋವಿನ ಸಂಗತಿ ಈ ವಿಷಯದಲ್ಲಿ ಇನ್ನೊಂದಿಲ್ಲ.

ಆದ್ದರಿಂದ ಜಾಮೀನು ಸಿಕ್ಕ ಮೇಲೆ ಪಹಣಿ ಹುಡುಕಲು ಓಡುವ ಬದಲು ಅರ್ಜಿಯಲ್ಲೇ ಬರೆಯಬೇಕು: ಅರ್ಜಿದಾರ ಪರಿಶಿಷ್ಟ ಪಂಗಡದವನು, ಇಂಥ ಹಾಡಿಯಲ್ಲಿ ಹುಟ್ಟಿದಂದಿನಿಂದ ವಾಸ, ರೇಷನ್ ಕಾರ್ಡ್ ಇದೆ, ಮಕ್ಕಳು ಆಶ್ರಮ ಶಾಲೆಯಲ್ಲಿ ಓದುತ್ತಿದ್ದಾರೆ, ಹೆಸರಿನಲ್ಲಿ ಮಾರಾಟಯೋಗ್ಯ ಆಸ್ತಿ ಇಲ್ಲ, ಆದ್ದರಿಂದ ಸ್ವಂತ ಮುಚ್ಚಳಿಕೆ ಅಥವಾ ನಾಗರಿಕ ಸುರಕ್ಷಾ ಸಂಹಿತೆಯ 490ನೇ ಕಲಂ ಪ್ರಕಾರ ಜಾಮೀನುದಾರರ ಬದಲಿಗೆ ಸಣ್ಣ ಮೊತ್ತದ ನಗದು ಠೇವಣಿಗೆ ಅನುಮತಿ ಕೊಡಬೇಕು. ಜಾಮೀನೀಯ ಅಪರಾಧವಾದರೆ 478ನೇ ಕಲಂ ಇನ್ನೂ ಸ್ಪಷ್ಟ. ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರರನ್ನು ಕೊಡಲಾಗದವನನ್ನು ಬಡವನೆಂದೇ ಭಾವಿಸಿ ಮುಚ್ಚಳಿಕೆಯ ಮೇಲೆ ಬಿಡಬೇಕು.

ಆದೇಶವಾಗಿಯೂ ಹೊರಬರದಿದ್ದರೆ 2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನಗಳಿವೆ. ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇಮೇಲ್ ಮೂಲಕ ಜೈಲಿಗೆ ಕಳುಹಿಸಬೇಕು. ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಕಾರ್ಯದರ್ಶಿ ಆರೋಪಿಯ ಆರ್ಥಿಕ ಸ್ಥಿತಿಯ ವರದಿ ಮಾಡಿಸಿ ಷರತ್ತು ಸಡಿಲಿಸಲು ಕೋರ್ಟಿನ ಮುಂದಿಡಬಹುದು. ಒಂದು ತಿಂಗಳಾದರೂ ಜಾಮೀನುದಾರರು ಸಿಗದಿದ್ದರೆ ಕೋರ್ಟ್ ತಾನಾಗಿ ಷರತ್ತು ಬದಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರರೇ ಬೇಕೆಂಬ ಷರತ್ತು ಬಿಡುಗಡೆಗೆ ಅಡ್ಡಿಯಾಗುತ್ತದೆ, ಅದನ್ನು ಹೇರಬೇಡಿ ಎಂದೂ ಹೇಳಿದೆ. ಇದರ ಜೊತೆಗೆ ಕೇಂದ್ರ ಗೃಹ ಸಚಿವಾಲಯದ ಬಡ ಕೈದಿಗಳ ನೆರವು ಯೋಜನೆ ಇದೆ. 2023ರಲ್ಲಿ ರೂಪಿಸಿದಾಗ ವಿಚಾರಣಾಧೀನರ ಜಾಮೀನಿಗೆ 40,000 ರೂಪಾಯಿವರೆಗೆ, ಶಿಕ್ಷೆಯಾದವರ ದಂಡಕ್ಕೆ 25,000ದವರೆಗೆ ಎಂದಿತ್ತು. ಜಿಲ್ಲಾಧಿಕಾರಿ, ಎಸ್‌ಪಿ, ಪ್ರಾಧಿಕಾರದ ಕಾರ್ಯದರ್ಶಿ, ಜೈಲು ಅಧೀಕ್ಷಕರು ಇರುವ ಸಮಿತಿ ಮಂಜೂರು ಮಾಡುತ್ತದೆ. ಯಾರೂ ಅರ್ಜಿ ಬರೆಯದಿದ್ದರೆ ಯೋಜನೆ ಯೋಜನೆಯಾಗಿಯೇ ಉಳಿಯುತ್ತದೆ.

ಹೊರಬಂದ ಮೇಲೆ ಕಾಡುವುದು ವಾಯಿದೆ ತಪ್ಪುವುದು. ಕುಟ್ಟದಿಂದ ಮಡಿಕೇರಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ಕೊಯ್ಲು ಮುಗಿದ ಮೇಲೆ ಶುಂಠಿ ಕೆಲಸಕ್ಕೆಂದು ಬೇರೆ ಕಡೆ ಹೋದವನ ಸಮನ್ಸ್ ಹಳೆಯ ಲೈನ್‌ಮನೆಗೆ ಬಂದು ರೈಟರ ಮೇಜಿನಲ್ಲಿ ಉಳಿಯುತ್ತದೆ. ಮುಂದಿನದು ವಾರಂಟ್. ಓಡಿಹೋದವನು ಎಂಬ ಹೆಸರು ಬೀಳುವುದು ಹೀಗೆ. ವಿಳಾಸವಾಗಿ ಲೈನ್‌ಮನೆಯ ಬದಲು ಹಾಡಿಯದನ್ನೇ ಕೊಡುವುದು, ತೋಟ ಬದಲಿಸಿದಾಗ ವಕೀಲರ ಮೂಲಕ ಕೋರ್ಟಿಗೆ ಮೆಮೊ ಹಾಕುವುದು, ಬರಲಾಗದ ದಿನ ಗೈರುಹಾಜರಿ ಮನ್ನಿಸುವ ಅರ್ಜಿ ಹಾಕಿಸುವುದು, ವಾರಂಟ್ ಆಗಿದೆ ಎಂದು ತಿಳಿದರೆ ಪೊಲೀಸರು ಬರುವ ತನಕ ಕಾಯದೆ ಬೆಳಿಗ್ಗೆಯೇ ಕೋರ್ಟಿಗೆ ಹಾಜರಾಗಿ ವಾರಂಟ್ ಹಿಂಪಡೆಯುವ (ರೀಕಾಲ್) ಅರ್ಜಿ ಕೊಡುವುದು, ಇದಕ್ಕಿರುವ ದಾರಿ ಇವೇ.

ಎಲ್ಲಕ್ಕಿಂತ ದೊಡ್ಡ ಬಲೆ ಮಾತ್ರ ಬೇರೆ. ‘ಸುಮ್ನೆ ಒಪ್ಕೊ, ದಂಡ ಕಟ್ಟಿ ಮನೆಗೆ ಹೋಗು.’ ಸಣ್ಣ ಕೇಸಿನಲ್ಲಿ ಈ ಸಲಹೆ ಎಲ್ಲರ ಬಾಯಲ್ಲೂ ಬರುತ್ತದೆ, ಒಮ್ಮೊಮ್ಮೆ ಆರೋಪಿಯ ಹಿತೈಷಿಗಳ ಬಾಯಲ್ಲೇ. ಅಮೆರಿಕದಲ್ಲಿ ಶಿಕ್ಷೆಗಳ ಪೈಕಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬರುವುದು ವಿಚಾರಣೆಯಿಂದಲ್ಲ, ತಪ್ಪೊಪ್ಪಿಗೆಯ ಒಪ್ಪಂದದಿಂದ. ಜಾಮೀನು ಕಟ್ಟಲಾಗದೆ ಒಳಗಿದ್ದವನಿಗೆ ಒಪ್ಪಿಕೊಂಡರೆ ಇವತ್ತೇ ಮನೆ, ಹೋರಾಡಿದರೆ ಇನ್ನೂ ಎಷ್ಟೋ ತಿಂಗಳು. ಹೀಗೆ ಒಪ್ಪಿಕೊಂಡದ್ದು ದಾಖಲೆಯಾಗಿ ಮುಂದಿನ ಸಲ ಅವನನ್ನೇ ಕಚ್ಚುತ್ತದೆ. ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಬಳಸುತ್ತಿದ್ದ ಆರೋಪಿ ಮತ್ತೆ ಅಪರಾಧ ಮಾಡುವ ಸಂಭವಕ್ಕೆ ಅಂಕ ಕೊಡುವ ಕಂಪಾಸ್ ಎಂಬ ಕಂಪ್ಯೂಟರ್ ಅಂಕಪಟ್ಟಿಗೆ 137 ಪ್ರಶ್ನೆಗಳಿದ್ದವು, ವರ್ಣದ ಪ್ರಶ್ನೆ ಒಂದೂ ಇರಲಿಲ್ಲ. ಹಿಂದಿನ ಬಂಧನಗಳು, ತಂದೆತಾಯಿ ಜೈಲಿಗೆ ಹೋಗಿದ್ದರೇ ಎಂಬಂಥವು ಇದ್ದವು. 2016ರಲ್ಲಿ ಪ್ರೊಪಬ್ಲಿಕಾ ಪತ್ರಕರ್ತರು ಲೆಕ್ಕ ಹಾಕಿದಾಗ, ಮುಂದೆ ಯಾವ ಅಪರಾಧವನ್ನೂ ಮಾಡದ ಕಪ್ಪುವರ್ಣೀಯರಲ್ಲಿ ಸುಮಾರು 45 ಶೇಕಡ ಮಂದಿಗೆ ಅಪಾಯಕಾರಿ ಎಂಬ ಅಂಕ ಬಿದ್ದಿತ್ತು. ಅಂಥ ಬಿಳಿಯರಲ್ಲಿ ಸುಮಾರು 23 ಶೇಕಡ. ಕಂಪಾಸ್ ತಯಾರಿಸಿದ ಕಂಪನಿ ಈ ಲೆಕ್ಕವನ್ನು ಒಪ್ಪಲಿಲ್ಲ. ಆದರೆ ಯಾರ ಬೀದಿಯಲ್ಲಿ ಪೊಲೀಸರು ಹೆಚ್ಚು ನಿಲ್ಲುತ್ತಾರೋ ಅವರ ಹೆಸರಿನಲ್ಲೇ ಬಂಧನಗಳು ಹೆಚ್ಚುತ್ತವೆ ಎಂಬುದನ್ನು ಅಲ್ಲಗಳೆಯುವುದು ಕಷ್ಟ.

ನಮ್ಮಲ್ಲಿ ಕಂಪ್ಯೂಟರಿನ ಜಾಗದಲ್ಲಿ ಠಾಣೆಯ ಹಳೆಯ ಪುಸ್ತಕ, ಹಿಂದಿನ ಆರೋಪಿಗಳ ವಿವರ ಬರೆದಿಡುವ ಎಂಒಬಿ ಕಾರ್ಡು. ಇದಕ್ಕೆ ಕಾನೂನಿನಲ್ಲೇ ಬೆಲೆ ಕಟ್ಟಬೇಕಾಗುತ್ತದೆ. ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ ಮರಣದಂಡನೆ, ಜೀವಾವಧಿ ಇಲ್ಲದ ಅಪರಾಧಗಳಲ್ಲಿ ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಒಳಗಿದ್ದ ವಿಚಾರಣಾಧೀನನಿಗೆ ಜಾಮೀನು, ಮೊದಲ ಬಾರಿಯವನಿಗೆ ಮೂರನೇ ಒಂದು ಭಾಗ ಕಳೆದರೆ ಮುಚ್ಚಳಿಕೆಯ ಮೇಲೆ ಬಿಡುಗಡೆ. ಅವಧಿ ತುಂಬಿದಾಗ ಕೋರ್ಟಿಗೆ ಬರೆಯಬೇಕಾದ ಹೊಣೆ ಜೈಲು ಅಧೀಕ್ಷಕರದು. ಹಳೆಯ ಪ್ರಕರಣಗಳ ವಿಚಾರಣಾಧೀನರಿಗೂ ಇದು ಅನ್ವಯ ಎಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲ ಬಾರಿಯವನು ಎಂದರೆ ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವನು. ಎಂದೋ ಒಂದು ದಿನ ಮನೆಗೆ ಹೋಗುವ ಆತುರದಲ್ಲಿ ಒಪ್ಪಿಕೊಂಡು ಕಟ್ಟಿದ ಇನ್ನೂರು ರೂಪಾಯಿ ದಂಡ ಈ ಹಕ್ಕನ್ನು ನುಂಗಬಹುದು. ಏಳು ವರ್ಷದ ಕಲಮಿನಲ್ಲಿ ಇಪ್ಪತ್ತೆಂಟು ತಿಂಗಳಾಗಬೇಕಿದ್ದದ್ದು ನಲವತ್ತೆರಡಾಗುತ್ತದೆ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದರೆ ಈ ಕಲಂ ಅಡಿ ಬಿಡುಗಡೆಯೇ ಇಲ್ಲ. ಪಕ್ಕದ ತೋಟದ ಹಳೆಯ ಕಳ್ಳತನವನ್ನೂ ಅದೇ ಹುಡುಗನ ತಲೆಗೆ ಕಟ್ಟಿದರೆ ಆಗುವ ಹಾನಿ ಎಷ್ಟೆಂದು ಇದರಿಂದ ತಿಳಿಯಬಹುದು. ಪರಿಶಿಷ್ಟರ ಮೇಲೆ ಸುಳ್ಳು ಕ್ರಿಮಿನಲ್ ಪ್ರಕರಣ ಹೂಡುವುದು ದೌರ್ಜನ್ಯ ತಡೆ ಕಾಯ್ದೆಯ 3(1)(ಪಿ) ಕಲಂ ಪ್ರಕಾರ ತಾನೇ ಒಂದು ಅಪರಾಧ ಎಂಬುದು ದೂರು ಬರೆಯುವವರಿಗೂ ಗೊತ್ತಿರಲಿ.

ಇದೆಲ್ಲ ಪೂರ್ವಗ್ರಹ ಎಂದು ಸಾಬೀತು ಮಾಡುವುದು ಹೇಗೆ? ಜಾರ್ಜಿಯಾದ ವಾರೆನ್ ಮೆಕ್ಲೆಸ್ಕಿ ಪ್ರಯತ್ನಿಸಿದ. ಬಿಳಿಯ ಪೊಲೀಸ್ ಅಧಿಕಾರಿಯ ಕೊಲೆಗಾಗಿ ಮರಣದಂಡನೆಗೆ ಗುರಿಯಾಗಿದ್ದ ಕಪ್ಪುವರ್ಣೀಯ ಅವನು. ಡೇವಿಡ್ ಬಾಲ್ಡಸ್ ಮತ್ತು ಸಂಗಡಿಗರು ಆ ರಾಜ್ಯದ 2,000ಕ್ಕೂ ಹೆಚ್ಚು ಕೊಲೆ ಪ್ರಕರಣಗಳನ್ನು ಪರಿಶೀಲಿಸಿದ್ದರು. ಸತ್ತವರು ಬಿಳಿಯರಾಗಿದ್ದರೆ ಆರೋಪಿಗೆ ಮರಣದಂಡನೆಯ ಸಂಭವ 4.3 ಪಟ್ಟು. 1987ರಲ್ಲಿ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಲ್ಲಿ, ಅಧ್ಯಯನ ಸರಿಯೆಂದೇ ಇಟ್ಟುಕೊಂಡರೂ ಈ ಆರೋಪಿಯ ವಿಷಯದಲ್ಲಿ ಬೇಕೆಂದೇ ಭೇದ ಮಾಡಿದರು ಎಂಬುದಕ್ಕೆ ಪುರಾವೆ ಇಲ್ಲ ಎಂದಿತು. ಮೆಕ್ಲೆಸ್ಕಿಯನ್ನು 1991ರಲ್ಲಿ ವಿದ್ಯುತ್ ಕುರ್ಚಿಗೆ ಕೂರಿಸಿದರು. ಆ ತೀರ್ಪು ಬರೆದ ನ್ಯಾಯಮೂರ್ತಿ ಪೊವೆಲ್, ನಿವೃತ್ತಿಯ ನಂತರ, ಮತ ಬದಲಿಸುವ ಅವಕಾಶವಿದ್ದರೆ ಆ ಪ್ರಕರಣದಲ್ಲಿ ಬದಲಿಸುತ್ತಿದ್ದೆ ಎಂದರು. ಕೊನೆಗೆ 2020ರಲ್ಲಿ ಕ್ಯಾಲಿಫೋರ್ನಿಯಾ ಕಾಯ್ದೆ ಮಾಡಿ, ಅಂಥ ಅಂಕಿಅಂಶಗಳನ್ನೇ ಮುಂದಿಟ್ಟು ಶಿಕ್ಷೆ ಪ್ರಶ್ನಿಸಲು ದಾರಿ ತೆರೆಯಿತು.

ಇಲ್ಲಿ 2024ರ ಅಕ್ಟೋಬರ್ 3ರ ಸುಕನ್ಯಾ ಶಾಂತಾ ತೀರ್ಪು ಜೈಲು ರಿಜಿಸ್ಟರುಗಳಿಂದ ಜಾತಿಯ ಕಾಲಂ ತೆಗೆಯಲು ಹೇಳಿದೆ. ಜಾತಿ ನೋಡಿ ಕಸಗುಡಿಸುವ ಕೆಲಸ ಹಂಚುತ್ತಿದ್ದ ನಿಯಮಗಳನ್ನು ರದ್ದುಮಾಡಿದ ದೊಡ್ಡ ತೀರ್ಪದು. ಒಳಗೆ ಭೇದ ಮಾಡಲು ಆ ಕಾಲಂ ಬಳಕೆಯಾಗುತ್ತಿತ್ತು, ತೆಗೆದದ್ದು ಸರಿ. ಆದರೆ ಜಾಮೀನು ಸಿಕ್ಕೂ ಹೊರಬರದವರು ಯಾವ ಸಮುದಾಯದವರು, ಎಷ್ಟು ದಿನ ಉಳಿದರು, ಯಾವ ಕಾಗದ ಕೊರತೆಯಾಯಿತು ಎಂಬ ಲೆಕ್ಕವನ್ನು ಯಾರಾದರೂ ಬೇರೆಡೆ ಇಡಲೇಬೇಕು. ಕಾನೂನು ಸೇವೆಗಳ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರು ಒಂದು ನೋಟುಬುಕ್ಕಿನಲ್ಲಿ ಈ ಕೆಲಸ ತೊಡಗಬಹುದು.

ಅಲ್ಲಿಯವರೆಗೆ ಬಂಧನವಾದವನ ಮನೆಯವರ ಕೈಗೆ ಒಂದು ಚೀಟಿ ಬರೆದುಕೊಡಿ. ಠಾಣೆ, ಅಪರಾಧ ಸಂಖ್ಯೆ, ಕಲಂಗಳು, ವಕೀಲರ ಹೆಸರು, 15100. ನಂತರ ದಿನಾಂಕಗಳು. ಹತ್ತು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಿನದೊಳಗೆ ಚಾರ್ಜ್‌ಶೀಟ್ ಬಾರದಿದ್ದರೆ ಜಾಮೀನು ಹಕ್ಕು, ಮೇಲಿನವಕ್ಕೆ 90. ಎಣಿಕೆ ಬಂಧನದ ದಿನದಿಂದಲ್ಲ, ಮೊದಲ ರಿಮಾಂಡ್ ದಿನದಿಂದ, ಆ ದಿನವನ್ನೂ ಸೇರಿಸಿ. 2026ರ ಜನವರಿ 10ಕ್ಕೆ ರಿಮಾಂಡ್ ಆಗಿದ್ದರೆ ಮಾರ್ಚ್ 10ಕ್ಕೆ ಅರವತ್ತು ತುಂಬುತ್ತದೆ, 11ರ ಬೆಳಿಗ್ಗೆ ಕೋರ್ಟ್ ಕೂರುತ್ತಿದ್ದಂತೆ ಅರ್ಜಿ ಒಳಗೆ ಹೋಗಬೇಕು. ಅಂದು ಮಧ್ಯಾಹ್ನ ಚಾರ್ಜ್‌ಶೀಟ್ ಮೊದಲು ಬಂದು ಅರ್ಜಿ ಆಮೇಲೆ ಹೋದರೆ ಹಕ್ಕು ಕಳೆಯಿತು. ಅದರ ಕೆಳಗೆ ಜಾಮೀನು ಆದೇಶದ ದಿನಾಂಕ, ಅದಕ್ಕೆ ಏಳು ಸೇರಿಸಿ ಒಂದು ದಿನಾಂಕ, ಒಂದು ತಿಂಗಳು ಸೇರಿಸಿ ಇನ್ನೊಂದು. ಚೀಟಿಯನ್ನು ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನೊಳಗೆ ಇಡಲು ಹೇಳಿ. ಮಳೆಗಾಲದಲ್ಲಿ ಲೈನ್‌ಮನೆಯಲ್ಲಿ ಕಾಗದ ಒದ್ದೆಯಾಗದೆ ಉಳಿಯುವ ಜಾಗ ಅದೊಂದೇ.